ಇಪ್ಪತ್ತೆರಡನೆಯ ಶೇಂಗಾ

ಕೋಥರೂಡ: ಹೊರಡುವ ಮೊದಲು

ವಿದೇಶಕ್ಕೆ ಹೊರಟವರಿಗೆ ಜನ ಏನೇನೋ ಬುದ್ಧಿ ಹೇಳಿ ಕಳಿಸುತ್ತಾರೆ. ನೀರು ಕಾಯಿಸಿ ಕುಡಿ, ಪಾಸ್‌ಪೋರ್ಟ್ ಕೈಬಿಡಬೇಡ, ಯಾರು ಏನು ಕೊಟ್ಟರೂ ತಿನ್ನಬೇಡ. ನನಗೆ ನನ್ನ ಅಣ್ಣ ಹೇಳಿದ್ದು ಒಂದೇ ಮಾತು: "ಬರೂದಾದ್ರ ಬಾ. ಆದ್ರ ಅಲ್ಲಿ ಏನೂ ನೋಡಬ್ಯಾಡ."

ಅಣ್ಣನ ಮಗಳು ಅನಘಾ ಬ್ಯಾಡ್ಮಿಂಟನ್ ಆಡುತ್ತಾಳೆ. ಜಕಾರ್ತಾದಲ್ಲಿ ನಡೆಯುವ ದೊಡ್ಡ ಟೂರ್ನಿಯೊಂದಕ್ಕೆ ಆಕೆ ಆಯ್ಕೆಯಾಗಿದ್ದಳು. ಅಣ್ಣ ಮತ್ತು ವೈನಿ, ಅಂದರೆ ನಮ್ಮ ಅತ್ತಿಗೆ, ಹೋಗುವುದು ಖಾತ್ರಿಯಾಗಿತ್ತು. "ಕಾಕಾ ಬರಲಿಲ್ಲಂದ್ರ ನಾನೂ ಹೋಗಂಗಿಲ್ಲ" ಎಂದು ಅನಘಾ ಹಟ ಹಿಡಿದಿದ್ದರಿಂದ ನಾನೂ ಹೊರಟೆ. ಹತ್ತು ವರ್ಷ ದಿನಾ ಬೆಳಿಗ್ಗೆ ಆಕೆಯನ್ನು ಸ್ಕೂಟರ್ ಹಿಂದೆ ಕೂಡಿಸಿಕೊಂಡು ಅಭ್ಯಾಸಕ್ಕೆ ಬಿಟ್ಟು ಬಂದವನು ನಾನು. ಆದರೆ ಅವಳು ಒಂದು ಪಂದ್ಯ ಆಡುವುದನ್ನೂ ನೋಡಿದವನಲ್ಲ. ಪಂದ್ಯವಿದ್ದ ದಿನ ನಾನು ಹೊರಗೆ ಪೇಪರ್ ಹಿಡಿದು ಕೂರುತ್ತಿದ್ದೆ. ಕಾಕಾಗೆ ಎದೆ ಢವಢವ ಅನ್ನುತ್ತದೆ, ಅದಕ್ಕೇ ಒಳಗೆ ಬರುವುದಿಲ್ಲ ಎಂದು ಆಕೆಗೆ ಹೇಳಿಟ್ಟಿದ್ದರು.

ನಿಜವಾದ ಕಾರಣವನ್ನು ನಾನೇ ಹೇಳಬೇಕು. ನಾನು ಪನವತಿ. ಈ ಮರಾಠಿ ಪದ ನಮ್ಮ ಮನೆಯ ಕನ್ನಡದೊಳಗೆ ಬಂದು ಚಪ್ಪಲಿ ಬಿಟ್ಟು ಕೂತು ಬಹಳ ಕಾಲವಾಯಿತು. ಯಾರ ಕಣ್ಣು ಬಿದ್ದರೆ ನಡೆಯುವ ಕೆಲಸವೂ ಕೆಡುತ್ತದೋ ಅವರು ಪನವತಿ. ನಾನು ಟೀವಿ ಮುಂದೆ ಕೂತರೆ ವಿಕೆಟ್ ಬೀಳುತ್ತದೆ, ಎದ್ದು ಹೋದರೆ ಸಿಕ್ಸರ್ ಹೋಗುತ್ತದೆ ಎಂದು ನಮ್ಮ ಧಾರವಾಡದ ಮನೆತನವೂ ಈಗ ನಾವಿರುವ ಪುಣೆಯ ಕೋಥರೂಡದ ಮರಾಠಿ ಹೌಸಿಂಗ್ ಸೊಸೈಟಿಯೂ ಕೂಡಿ ಒಮ್ಮತದಿಂದ ತೀರ್ಮಾನಿಸಿವೆ. ಬೇರೆ ಯಾವ ವಿಷಯದಲ್ಲೂ ಇವೆರಡು ಒಮ್ಮತಕ್ಕೆ ಬಂದದ್ದಿಲ್ಲ. ಮಹತ್ವದ ಪಂದ್ಯವಿದ್ದರೆ ಸೊಸೈಟಿಯ ಸೆಕ್ರೆಟರಿಯೇ ಬಾಗಿಲು ಬಡಿಯುತ್ತಾನೆ. "ಕಾಕಾ, ಆಜ್ ಫೈನಲ್ ಆಹೇ. ತುಮ್ಹಿ ಜರಾ ಫಿರೂನ್ ಯಾ ನಾ." ಅಂದರೆ ಇವತ್ತು ಫೈನಲ್, ನೀವು ಸ್ವಲ್ಪ ಅಡ್ಡಾಡಿ ಬನ್ನಿ. ಎಷ್ಟು ನಯ ನೋಡಿ.

ಒಂದು ಸಲವಂತೂ ಫೈನಲ್ ದಿನ ನನ್ನ ಕೈಗೆ ಉಪ್ಪಿನಕಾಯಿ ಭರಣಿ ಕೊಟ್ಟು, ಇಂದಾಪುರದಲ್ಲಿರುವ ಅತ್ತೆಗೆ ತಲುಪಿಸಿ ಬಾ ಎಂದು ಎಸ್‌ಟಿ ಬಸ್ಸು ಹತ್ತಿಸಿದ್ದರು. ಸೋಲಾಪುರ ಹೆದ್ದಾರಿಯಲ್ಲಿ ಕಬ್ಬಿನ ಟ್ರಾಲಿಗಳ ಹಿಂದೆ ಬಸ್ಸು ತೆವಳುತ್ತಿದ್ದಾಗ ಊರೂರಲ್ಲಿ ಪಟಾಕಿ ಹಾರಿದವು. ಗೆದ್ದೆವು ಎಂದು ಹಾಗೆ ನನಗೆ ತಿಳಿಯಿತು. ಅತ್ತೆಯ ಮನೆಯಲ್ಲಿ ಉಪ್ಪಿನಕಾಯಿ ಮೊದಲೇ ಎರಡು ಭರಣಿ ಇತ್ತು.

ಇದರಲ್ಲಿ ನಗು ಬರಿಸುವ ಸಂಗತಿ ಏನೆಂದರೆ ನನ್ನದು ಕನ್ನಡಕದ ಅಂಗಡಿ. ಊರವರ ಕಣ್ಣೆಲ್ಲ ಸರಿ ಮಾಡಿ ಕಳಿಸುತ್ತೇನೆ. ಅಣ್ಣನ ಮೂಗಿನ ಮೇಲಿರುವ ಕನ್ನಡಕವೂ ನನ್ನದೇ ಕೈಕೆಲಸ. ಅದನ್ನೇ ಏರಿಸಿಕೊಂಡು ಆತ ನನ್ನ ಕಣ್ಣಿನ ದೋಷ ಹೇಳುತ್ತಾನೆ.

ಮೊದಲ ದಿನ: ಶೇಂಗಾದ ದೇಶ

ಜಕಾರ್ತಾದಲ್ಲಿ ಇಳಿದ ಕೂಡಲೇ ಅಣ್ಣ ಆಳವಾಗಿ ಉಸಿರೆಳೆದು, "ನಮ್ಮ ಪುಣೆಯ ಹವಾ ಬ್ಯಾರೇನ ಬಿಡು" ಎಂದ. ಪುಣೆಯವರಿಗೆ ಜಗತ್ತಿನ ಯಾವ ಊರಿಗೆ ಹೋದರೂ ಮೊದಲು ಇದನ್ನು ಹೇಳಿ ಮುಗಿಸಬೇಕು, ಆಮೇಲೆಯೇ ಸೂಟ್‌ಕೇಸ್ ಎತ್ತಿಕೊಳ್ಳುವುದು. ಮಗರಪಟ್ಟಾದ ಆಫೀಸಿಗೆ ದಿನಾ ಒಂದೂವರೆ ತಾಸು ಹೊಗೆ ಕುಡಿಯುತ್ತ ಹೋಗುವ ಮನುಷ್ಯ ಆತ.

ಇಲ್ಲಿಯ ಗಾಡಿಗಳೂ ನಮ್ಮವುಗಳಷ್ಟೇ ದಟ್ಟ. ಆದರೆ ಬೈಕಿನವನು ಅಡ್ಡ ಬಂದರೆ ಕೈಯೆತ್ತಿ "ಮಾಫ್" ಎನ್ನುತ್ತಾನೆ, ಎಂದರೆ ಕ್ಷಮಿಸಿ. ನಮ್ಮಲ್ಲಿ ಅಡ್ಡ ಬಂದವನೇ ನಿಂತು, ನಿಮಗೆ ಗಾಡಿ ಓಡಿಸಲು ಯಾರು ಕಲಿಸಿದರು ಎಂದು ವಿಚಾರಿಸುತ್ತಾನೆ. ಮೊದಲ ದಿನ ಮೂರು ಸಲ ಮಾಫ್ ಕೇಳಿಸಿಕೊಂಡ ವೈನಿ ಗಾಬರಿಯಾದರು. "ಇವರೆಲ್ಲಾ ಯಾಕಿಷ್ಟ ಛಲೋ ಮಾತಾಡ್ಲಿಕ್ಕತ್ತಾರ? ಪರ್ಸ್ ನೋಡ್ಕೋರಿ."

ಊಟದ ಮಟ್ಟಿಗೆ ದೇವರು ಕೈಬಿಡಲಿಲ್ಲ. ಬೇಯಿಸಿದ ತರಕಾರಿಯ ಮೇಲೆ ಶೇಂಗಾದ ಗಟ್ಟಿ ಗೊಜ್ಜು ಸುರಿದು ಕೊಡುತ್ತಾರೆ, ಗಾಡೋ-ಗಾಡೋ ಎಂದು ಹೆಸರು. ಒಂದು ತುತ್ತು ಬಾಯಿಗೆ ಹಾಕುತ್ತಲೇ ಅಣ್ಣ, "ಇದು ನಮ್ಮ ಶೇಂಗಾ ಚಟ್ನಿನ. ನಮ್ಮಿಂದನ ಇಲ್ಲಿಗೆ ಬಂದಿರಬೇಕು" ಎಂದು ಚರಿತ್ರೆ ಬರೆದುಬಿಟ್ಟ. ಎರಡನೆಯ ತಟ್ಟೆ ಖಾಲಿಯಾದ ಮೇಲೆ, ಜತೆಗಿದ್ದ ಹಪ್ಪಳವನ್ನು ಸಿಗಡಿ ಹಾಕಿ ಮಾಡಿದ್ದು ಎಂದು ತಿಳಿಯಿತು. ಅದು ಎಲ್ಲಿಂದ ಬಂತೆಂದು ಆತ ಹೇಳಲಿಲ್ಲ.

ಎರಡನೆಯ ದಿನ: ಒಳಗೆ

ಅನಘಾಳ ಮೊದಲ ಪಂದ್ಯಕ್ಕೆ ನನ್ನನ್ನು ಷರತ್ತಿನ ಮೇಲೆ ಒಳಗೆ ಬಿಟ್ಟರು. ಅವಳು ಸರ್ವ್ ಮಾಡುವಾಗ ನಾನು ಮೇಲೆ ದೀಪ ನೋಡಬೇಕು. ಎದುರಾಳಿ ಸರ್ವ್ ಮಾಡುವಾಗ ಬೇಕಾದಷ್ಟು ನೋಡಬಹುದು, ಕಣ್ಣು ಬಿದ್ದರೆ ಅವಳ ಮೇಲೆಯೇ ಬೀಳಲಿ. "ಭಾವಜೀ, ಸಿಟ್ಟಾಗಬ್ಯಾಡ್ರಿ. ಹುಡುಗಿ ಭವಿಷ್ಯದ ಪ್ರಶ್ನೆ ಅದ" ಎಂದರು ವೈನಿ. ಆಕೆ ರಸಾಯನಶಾಸ್ತ್ರದ ಎಂ.ಎಸ್‌ಸಿ.

ಆ ಸಭಾಂಗಣದ ಗದ್ದಲವನ್ನು ಏನೆಂದು ಹೇಳಲಿ! ಗಣಪತಿ ವಿಸರ್ಜನೆಯ ಢೋಲ್ ಕೇಳುತ್ತ ಬೆಳೆದವರು ನಾವು, ಗದ್ದಲ ಅಂದರೆ ನಮ್ಮ ಊರಿನ ಸ್ವತ್ತು ಎಂದುಕೊಂಡಿದ್ದೆ. ಇಲ್ಲಿ ತಲೆಗೆ ಬಟ್ಟೆ ಕಟ್ಟಿದ ಹೆಂಗಸರು ತಮಟೆಯಂಥದ್ದನ್ನು ಬಾರಿಸುತ್ತಾರೆ. ಗಾಳಿ ತುಂಬಿದ ಉದ್ದನೆಯ ಪ್ಲಾಸ್ಟಿಕ್ ಕೊಳವೆಗಳನ್ನು ಒಂದಕ್ಕೊಂದು ಬಡಿಯುತ್ತಾರೆ. ತಮ್ಮ ಆಟಗಾರ್ತಿ ಹೊಡೆದ ಒಂದೊಂದು ಹೊಡೆತಕ್ಕೂ ಹತ್ತು ಸಾವಿರ ಕಂಠ "ಇಯಾ! ಇಯಾ!" ಎಂದು ಕೂಗುತ್ತದೆ. ಅಂಕ ಬಂದ ಮೇಲೆ ಕೂಗುವುದು ನಮಗೆ ಗೊತ್ತು. ಅಂಕ ಬರಲಿ ಬಿಡಲಿ, ಹೊಡೆತ ಹೊಡೆತಕ್ಕೂ ಕೂಗುವುದನ್ನು ಇಲ್ಲಿಯೇ ಕಂಡೆ.

ನಮ್ಮಲ್ಲಿ ಹುರಿದುಂಬಿಸುವುದೆಂದರೆ ತಿದ್ದುವುದು. ಕೋಥರೂಡದ ಸೋಫಾದ ಮೇಲೆ ಒಬ್ಬನೂ ಶಭಾಷ್ ಅನ್ನುವುದಿಲ್ಲ. ಬಾಲ್ ಬಿಡಬೇಕಿತ್ತು, ಫೀಲ್ಡರ್ ತಪ್ಪು ಜಾಗದಲ್ಲಿದ್ದಾನೆ, ಇವನನ್ನು ಟೀಮಿಗೆ ತಗೊಂಡವರು ಯಾರು ಎಂದು ಕೇಳುತ್ತೇವೆ. ಎದುರಾಳಿ ಚೆನ್ನಾಗಿ ಆಡಿದರೆ ಮನೆಯಲ್ಲಿ ಸಾವಾದಂತೆ ಕೂರುತ್ತೇವೆ. ಅಣ್ಣ ಇಲ್ಲಿಯೂ ಮಗಳನ್ನು ತಿದ್ದುತ್ತಲೇ ಇದ್ದ. "ಬ್ಯಾಕ್‌ಹ್ಯಾಂಡ್! ಬ್ಯಾಕ್‌ಹ್ಯಾಂಡ್ ಯಾಕ ಹೊಡೀತಾಳ ಇಕಿ?" ಪಕ್ಕದಲ್ಲಿದ್ದ ಬಾಟಿಕ್ ಅಂಗಿಯ ಮುದುಕರೊಬ್ಬರು, ಪಾಪ, ಅದು ಭಾರತದ ಘೋಷಣೆ ಇರಬೇಕೆಂದು ಅದನ್ನೇ ತಾಳ ಹಾಕಿ ಕೂಗಿದರು.

ಮೊದಲ ಗೇಮ್ ಅನಘಾ ಗೆದ್ದಳು. ನಾನು ಅಷ್ಟರಲ್ಲಿ ಛಾವಣಿಯ ದೀಪಗಳನ್ನೆಲ್ಲ ಎರಡು ಸಲ ಎಣಿಸಿದ್ದೆ. ಎರಡನೆಯ ಗೇಮಿನಲ್ಲಿ ತಡೆಯಲಾಗಲಿಲ್ಲ. ಕಣ್ಣು ತಾನೇ ಕೆಳಗಿಳಿಯಿತು. ಅವಳು ಗಾಳಿಗೆ ಏರಿ ಬೆನ್ನು ಬಿಲ್ಲು ಮಾಡಿದ್ದನ್ನು ನೋಡಿದೆ, ಅಂಗಾಲಿನ ಮೇಲೆ ಗಿರ್ರನೆ ತಿರುಗಿದ್ದನ್ನು ನೋಡಿದೆ. ಸ್ಕೂಟರ್ ಹಿಂದೆ ತೂಕಡಿಸುತ್ತ ನನ್ನ ಬೆನ್ನಿಗೆ ಹಣೆ ಕುಟ್ಟುತ್ತಿದ್ದ ಹುಡುಗಿ ಇವಳೇನಾ ಅನಿಸಿತು. ಮೂರು ಅಂಕ ನೋಡಿದೆ. ಮೂರೂ ಹೋದವು. ವೈನಿಯ ಮೊಣಕೈ ನನ್ನ ಪಕ್ಕೆಗೆ ಬಂತು. ಅಣ್ಣ ಬಾಗಿಲ ಕಡೆ ಬೆರಳು ತೋರಿಸಿದ.

ನಾನು ಹೊರಗೆ ಹೋದೆ, ಅವಳು ಗೆದ್ದಳು. ಇಷ್ಟಾದ ಮೇಲೆ ವಾದಿಸಲು ಉಳಿದದ್ದೇನು? ಹೊಟ್ಟೆ ಕೆಟ್ಟು ಕಾಕಾ ಹೊರಗೆ ಹೋದ ಎಂದು ಅನಘಾಗೆ ಹೇಳಿದರು. ಮರುದಿನವೂ ನಾನು ಹೊಟೇಲಿನಲ್ಲೇ ಉಳಿದೆ, ಆಕೆ ಮತ್ತೆ ಗೆದ್ದಳು. ನನ್ನ ಹೊಟ್ಟೆ ವಾರವಿಡೀ ಕೆಟ್ಟೇ ಇರುವುದು ದೇಶಕ್ಕೆ ಒಳ್ಳೆಯದು ಎಂದಾಯಿತು.

ನಾಲ್ಕನೆಯ ದಿನ: ಹೊರಗೆ

ಕ್ವಾರ್ಟರ್ ಫೈನಲ್ ಮಧ್ಯಾಹ್ನ ಎರಡಕ್ಕೆ ಇತ್ತು, ಎದುರಾಳಿ ಆ ದೇಶದ್ದೇ ಹುಡುಗಿ. ಅನಘಾ ಮಾತ್ರ ಬೆಳಿಗ್ಗೆಯೇ ಹೇಳಿದ್ದಳು: "ಕಾಕಾ, ಇವತ್ತ ಹೊಟ್ಟಿ ಬಿಗಿ ಹಿಡಕೊಂಡು ಒಳಗ ಕೂಡ. ನಿನ್ನ ಖುರ್ಚಿ ನಾ ಹುಡುಕ್ತೀನಿ." ಹೂಂ ಅಂದೆ. ಟಿಕೆಟ್ ಜೇಬಿನಲ್ಲಿತ್ತು. ಬಾಗಿಲಿನ ಬಳಿ ಅಣ್ಣ ಕೈ ಚಾಚಿದ. "ಫೋನ್ ಕೊಡು. ಫೋನಿನ್ಯಾಗ ಸ್ಕೋರ್ ನೋಡಿದ್ರೂ ನೋಡಿಧಂಗ." ಕೊಟ್ಟೆ. ಎರಡು ದಪ್ಪ ಬಾಗಿಲು ಮುಚ್ಚಿಕೊಂಡವು. ಪರದೇಶದಲ್ಲಿ ಫೋನಿಲ್ಲದೆ, ಕೈಯಲ್ಲಿ ಟಿಕೆಟ್ ಹಿಡಿದುಕೊಂಡು, ಐವತ್ತೆರಡು ವರ್ಷದ ನಾನು ಕಾರಿಡಾರಿನಲ್ಲಿ ನಿಂತೆ. ಬಹಳ ಕೆಟ್ಟದೆನಿಸಿತು.

ಅಲ್ಲಿ ಒಬ್ಬ ಹೆಂಗಸು ಚಹಾ ಮತ್ತು ಹುರಿದ ಶೇಂಗಾ ಮಾರುತ್ತ ಕೂತಿದ್ದರು. ನನಗಿಂತ ನಾಲ್ಕೈದು ವರ್ಷ ಹಿರಿಯರು. ಹೆಸರು ಕೇಳಿದರೆ ಬು ಸ್ರಿ ಎಂದರು. ಆ ಕಡೆ ಹಿರಿಯ ಹೆಂಗಸರ ಹೆಸರಿಗೆ ಬು ಸೇರಿಸುತ್ತಾರೆ, ನಮ್ಮಲ್ಲಿ ಬಾಯಿ ಸೇರಿಸಿದ ಹಾಗೆ. ಅವರಿಗೆ ಬರುವ ಹತ್ತು ಇಂಗ್ಲಿಷ್ ಪದ, ನನಗೆ ಬರುವ ಕೈಸನ್ನೆ, ಇಷ್ಟರಲ್ಲಿ ನಮ್ಮ ಮಾತು ನಡೆಯಿತು. ನನ್ನ ಟಿಕೆಟ್ ನೋಡಿ, ಇದಿದ್ದೂ ಒಳಗೆ ಯಾಕಿಲ್ಲ ಎಂದು ಕೇಳಿದರು. ನನ್ನ ಎರಡೂ ಕಣ್ಣು ತೋರಿಸಿ, ಹೆಬ್ಬೆಟ್ಟು ಕೆಳಗೆ ಮಾಡಿದೆ. ಅವರು ಮರುಕದಿಂದ, ಕುರುಡರಿಗೆ ದಾರಿ ತೋರಿಸುವಂತೆ ನನ್ನ ಕೈ ಹಿಡಿದು ಸ್ಟೂಲಿನ ಮೇಲೆ ಕೂಡಿಸಿದರು. ನಾನು ಅವರನ್ನು ತಿದ್ದುವ ಗೋಜಿಗೆ ಹೋಗಲಿಲ್ಲ.

ಬು ಸ್ರಿ ವರ್ಷಗಟ್ಟಲೆ ಅಲ್ಲಿ ಅಂಗಡಿ ಇಟ್ಟವರು, ಆದರೆ ಅಂಗಡಿ ಬಿಟ್ಟು ಒಳಗೆ ಹೋಗಿ ಒಂದು ಪಂದ್ಯ ನೋಡಿದ್ದಿಲ್ಲ. ಎಲ್ಲ ಕಿವಿಯಲ್ಲೇ. ಬಾಗಿಲ ಹಿಂದಿನಿಂದ ಅಂಪೈರ್ ಹೇಳುವುದೇನೂ ಕೇಳುವುದಿಲ್ಲ, ಜನರ ಗದ್ದಲವೊಂದೇ ಬರುತ್ತದೆ. ಅವರು ಎರಡು ಕಾಗದದ ಲೋಟ ಇಟ್ಟರು, ಒಂದು ಅವರ ಹುಡುಗಿಯದು, ಒಂದು ನನ್ನ ಹುಡುಗಿಯದು. ಇಯಾ ಇಯಾ ಎಂದು ಏರುತ್ತ ಹೋಗಿ ಧಡಾರನೆ ಸಿಡಿದರೆ ಅವರ ಲೋಟಕ್ಕೊಂದು ಶೇಂಗಾ. ಏರುತ್ತ ಹೋಗಿ ತಟಕ್ಕನೆ ನಿಂತರೆ ನನ್ನ ಲೋಟಕ್ಕೊಂದು. ಎಷ್ಟು ಸರಳ! ನನಗೆ ಕೂಡಲೇ ಅರ್ಥವಾಯಿತು. ಎದುರಾಳಿಯ ಅಂಕಕ್ಕೆ ಸುಮ್ಮನಾಗುವುದು ನಮ್ಮ ಮನೆಯಲ್ಲೂ ಇದ್ದದ್ದೇ.

ಮೊದಲ ಗೇಮ್ ಅವರದಾಯಿತು. ಬು ಸ್ರಿ ಸಮಾಧಾನಕ್ಕೆಂದು ನನಗೊಂದು ಬಾಟಲಿ ಸಿಹಿ ಚಹಾ ಕೊಟ್ಟರು. ಎರಡನೆಯದು ನಮ್ಮದು. ಒಂದರ ಹಿಂದೊಂದು ಮೌನ, ಎಷ್ಟು ಚೆಂದದ ಮೌನ! ಜೀವನದಲ್ಲಿ ಮೊದಲ ಸಲ ನಾನು ಮೌನಕ್ಕೆ ಚಪ್ಪಾಳೆ ಹೊಡೆದೆ. ಬು ಸ್ರಿ ಮುಖ ಊದಿಸಿ, ಚಹಾ ಕೊಡುವುದನ್ನು ನಿಲ್ಲಿಸಿದರು.

ಮೂರನೆಯ ಗೇಮಿನಲ್ಲಿ ಇಬ್ಬರಿಗೂ ಸ್ಟೂಲಿನ ಮೇಲೆ ಕೂರಲಾಗಲಿಲ್ಲ. ಗಿರಾಕಿಯೊಬ್ಬ ಬಂದರೆ ಬು ಸ್ರಿ ಅವನಿಗೆ ತಿರುಗಿಯೂ ನೋಡದೆ ಚಿಲ್ಲರೆ ಕೊಟ್ಟರು. ಲೋಟಗಳು ಹೆಚ್ಚುಕಮ್ಮಿ ಸಮಕ್ಕೆ ಏರುತ್ತಿದ್ದವು. ಆಗ ಒಂದು ರ‍್ಯಾಲಿ ಶುರುವಾಯಿತು. ಇಯಾ, ಇಯಾ, ಇಯಾ. ಮುಗಿಯುತ್ತಲೇ ಇಲ್ಲ. ನಾನು ಉಸಿರು ಹಿಡಿದೆ. ಮೌನ ಬರಲಿ, ದೇವರೇ ಮೌನ ಬರಲಿ. ಬಂದದ್ದು ನಾನು ಆ ನಾಲ್ಕು ದಿನದಲ್ಲಿ ಕೇಳದಷ್ಟು ದೊಡ್ಡ ಗರ್ಜನೆ. ಬಾಗಿಲು ನಡುಗಿತು. ಲೋಟದೊಳಗಿನ ಶೇಂಗಾ ಅಲುಗಿದವು. ಗರ್ಜನೆಗೆ ಚಪ್ಪಾಳೆ ಸೇರಿ ಎಷ್ಟೋ ಹೊತ್ತು ನಿಲ್ಲಲೇ ಇಲ್ಲ. ಬು ಸ್ರಿ ಕುಣಿದು ತಮ್ಮ ಲೋಟಕ್ಕೆ ಶೇಂಗಾ ಹಾಕಿದರು. ನಾನು ತಲೆ ತಗ್ಗಿಸಿದೆ. ಇಷ್ಟು ದೊಡ್ಡ ಅಂಕ ಕೊಟ್ಟ ಮೇಲೆ ಅನಘಾಗೆ ಧೈರ್ಯ ಎಲ್ಲಿ ಉಳಿಯುತ್ತದೆ ಎನಿಸಿತು.

ಸ್ವಲ್ಪ ಹೊತ್ತಿಗೆ ಅವರ ಲೋಟಕ್ಕೆ ಇಪ್ಪತ್ತೊಂದನೆಯ ಶೇಂಗಾ ಬಿತ್ತು. ಇಪ್ಪತ್ತೊಂದಾದರೆ ಗೇಮ್ ಗೆದ್ದಂತೆ. ಬು ಸ್ರಿ ಎರಡೂ ಕೈ ಮೇಲೆತ್ತಿದರು, ಪಂದ್ಯ ಮುಗಿಯಿತು. ಆದರೆ ಬಾಗಿಲು ತೆರೆಯಲಿಲ್ಲ. ಒಳಗೆ ಮತ್ತೆ ಇಯಾ ಇಯಾ. ಒಂದು ಮೌನ, ನನಗೊಂದು ಶೇಂಗಾ. ಆಮೇಲೆ ಒಂದು ಸಿಡಿತ, ಅವರಿಗೆ ಇಪ್ಪತ್ತೆರಡನೆಯದು. ಈಗ ಬಾಗಿಲು ತೆರೆಯಿತು. ಅವರು ಲೋಟ ಬೋರಲು ಹಾಕಿ ಎಣಿಸಿದರು. ಇಪ್ಪತ್ತೆರಡೇ. ನನ್ನದು ಹದಿನೆಂಟು. ಒಂದು ನೀನು ಸೇರಿಸಿದೆಯಾ ಎಂಬಂತೆ ನನ್ನನ್ನು ನೋಡಿದರು. ಗಂಟಲು ಮುಟ್ಟಿ ಆಣೆ ಮಾಡಿದೆ. ನಮ್ಮ ಹುಡುಗಿಯನ್ನು ಸೋಲಿಸಲು ನಾನೇ ಯಾಕೆ ಶೇಂಗಾ ಹಾಕಲಿ?

ಅದೇ ಮಧ್ಯಾಹ್ನ: ಬಾಗಿಲು ತೆರೆದ ಮೇಲೆ

ಜನರ ನಡುವಿನಿಂದ ಅಣ್ಣ ಕೆಂಪಾಗಿ ಬಂದ, ಹಿಂದೆ ವೈನಿ. "ನೀ ನೋಡಿದಿ! ಎಲ್ಲೋ ಸಂದಿಯಿಂದ ನೋಡೀದಿ ನೀ!"

"ಇಲ್ಲಣ್ಣ, ದೇವರಾಣೆ ನೋಡಿಲ್ಲ."

ಅಣ್ಣನ ಧ್ವನಿ ಕೇಳಿ ಬು ಸ್ರಿ ನನ್ನ ಸಾಕ್ಷಿಗೆ ಎದ್ದು ಬಂದರು. "ನೋ ಸೀ," ಎಂದು ನನ್ನ ಕಣ್ಣು ತೋರಿಸಿದರು. ನೆಲದಲ್ಲಿದ್ದ ಖಾಲಿ ಚಹಾ ಬಾಟಲಿ ತೋರಿಸಿದರು. "ಹಿಯರ್. ಆಲ್ ಟೈಮ್."

ಆಗ ನನಗೆ ಆದದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಖುಷಿಯಾಯಿತು. ನಾನು ನೋಡಲಿಲ್ಲ, ಆದರೂ ಸೋತಳು! ಇಷ್ಟು ವರ್ಷದ ಆರೋಪ ಒಂದೇ ಏಟಿಗೆ ಬಿದ್ದುಹೋಯಿತು. ಉಪ್ಪಿನಕಾಯಿ ಭರಣಿ, ಇಂದಾಪುರ, ಸೆಕ್ರೆಟರಿ, ಎಲ್ಲರನ್ನೂ ನೆನೆದು ಎದೆ ಉಬ್ಬಿಸಿದೆ. ಒಳಗೆ ನಮ್ಮ ಹುಡುಗಿ ಸೋತು ಬೆವರು ಒರೆಸಿಕೊಳ್ಳುತ್ತಿದ್ದಾಳೆ, ಹೊರಗೆ ಕಾಕಾ ಖುಲಾಸೆಯಾದ ಸಂಭ್ರಮದಲ್ಲಿ ಚಹಾ ಕೇಳುತ್ತಿದ್ದಾನೆ.

ಅನಘಾ ಬಹಳ ಹೊತ್ತಿನ ಮೇಲೆ ಬಂದಳು. ಮೊಣಕೈ ತರಚಿತ್ತು. ಆದರೆ ಮುಖ ಸೋತವರ ಮುಖವಾಗಿರಲಿಲ್ಲ. ಬಂದವಳೇ ನನ್ನ ತೋಳು ಹಿಡಿದಳು.

"ಕಾಕಾ, ಆ ರ‍್ಯಾಲಿ ನೋಡಿದಿಲ್ಲೋ? ನಾ ಕೆಳಗ ಬಿದ್ದು, ಮಲಕೊಂಡನ ಹೊಡದೆ ನೋಡು? ಇಡೀ ಹಾಲ್ ಎದ್ದು ನಿಂತತು! ಅವರ ಹುಡುಗಿ ವಿರುದ್ಧ ಪಾಯಿಂಟ್ ಹೋಗೇದ, ಎಲ್ಲಾರೂ ನನಗ ಚಪ್ಪಾಳಿ ಹೊಡ್ಯಾಕತ್ತಾರ! ನನಗ ಅಳುವ ಬಂತು. ಮ್ಯಾಲ ನೋಡಿದ್ರ ನಿನ್ನ ಖುರ್ಚಿ ಖಾಲಿ. ಎಲ್ಲಿ ನಿಂತಿದ್ದಿ?"

ನನ್ನ ಕೈಯಲ್ಲಿದ್ದ ಚಹಾ ಹಾಗೆಯೇ ಉಳಿಯಿತು. ಆ ಗರ್ಜನೆ ಅವಳದು. ಹತ್ತು ಸಾವಿರ ಪರದೇಶಿಗಳು ಎದ್ದು ನಿಂತು ನಮ್ಮ ಹುಡುಗಿಗೆ ಶಭಾಷ್ ಅನ್ನುತ್ತಿದ್ದಾಗ ನಾನು ಹೊರಗೆ ತಲೆ ತಗ್ಗಿಸಿ ಕೂತಿದ್ದೆ. ಎದುರಾಳಿಗೂ ಜನ ಕೂಗಬಹುದು ಎಂಬುದು ನನ್ನ ತಲೆಗೇ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ, ಎಲ್ಲಿ ಕಂಡಿದ್ದೆ?

"ನಾ ಒಳಗಿರಲಿಲ್ಲ ಮಗಾ. ನನ್ನ ಕಣ್ಣು ಬಿದ್ರ ಆಟ ಕೆಡ್ತದಂತ," ಎಂದೆ.

ಆಕೆ ಅಪ್ಪನ ಕಡೆ ತಿರುಗಿದಳು. ಅಣ್ಣ ಕನ್ನಡಕ ತೆಗೆದು ಒರೆಸಿದ. "ನಾ ಎಡಗಾಲಿನ ಬೂಟು ನೋಡ್ಲಿಕ್ಕತ್ತಿದ್ನಿ. ಬೂಟು ನೋಡಿದಾಗೆಲ್ಲಾ ನಿನಗ ಪಾಯಿಂಟ್ ಬರ್ತಿತ್ತು." ವೈನಿ ಕೇಳುವ ಮೊದಲೇ ಹೇಳಿದರು: "ನಾ ಕಣ್ಣು ಮುಚ್ಚಿ ರಾಯರ ಸ್ಮರಣಾ ಮಾಡ್ಲಿಕ್ಕತ್ತಿದ್ದೆ."

"ಅಂದ್ರ ನಮ್ಮವರು ಒಬ್ಬರೂ ನೋಡಲಿಲ್ಲ," ಎಂದಳು ಅನಘಾ. ಮೊದಲು ನಕ್ಕಳು, ಆಮೇಲೆ ನಗು ನಿಂತಿತು. "ಕಾಕಾ, ಹತ್ತು ವರ್ಷ ನೀ ಅಂಜಿ ಹೊರಗ ಪೇಪರ್ ಓದತೀ ಅಂತ ತಿಳಕೊಂಡಿದ್ನಿ."

"ಓದತಿದ್ನಿ. ಒಂದ ಪುಟಾನ."

ಅಷ್ಟರಲ್ಲಿ ಮೊನ್ನೆಯ ಬಾಟಿಕ್ ಅಂಗಿಯ ಮುದುಕರು ಬಂದು ಅನಘಾಗೆ ಕೈ ಮುಗಿದು, ಆ ಹೊಡೆತವನ್ನು ಗಾಳಿಯಲ್ಲಿ ಕೈ ಬೀಸಿ ಬು ಸ್ರಿಗೆ ವರ್ಣಿಸಿದರು. ಬು ಸ್ರಿ ಕೇಳುತ್ತ ಕೇಳುತ್ತ ಲೋಟದ ಕಡೆ ನೋಡಿದರು, ನನ್ನ ಕಡೆ ನೋಡಿದರು. ತಮ್ಮ ಲೋಟದಿಂದ ಒಂದು ಶೇಂಗಾ ತೆಗೆದು ನನ್ನದಕ್ಕೆ ಹಾಕಿದರು. ಇಪ್ಪತ್ತೊಂದು, ಹತ್ತೊಂಬತ್ತು. ಈಗ ಸರಿಹೋಯಿತು. "ಮಾಫ್," ಎಂದರು.

ಅನಘಾ ಆ ಶೇಂಗಾವನ್ನೇ ಲೋಟದಿಂದ ಎತ್ತಿ ಬು ಸ್ರಿಯ ಕೈಗೆ ಕೊಟ್ಟಳು. ಎಸೆಯಿರಿ ಎಂದು ಸನ್ನೆ ಮಾಡಿ, ಚೀಲದಿಂದ ರ‍್ಯಾಕೆಟ್ ಎಳೆದು, ಕಾರಿಡಾರಿನ ನೆಲದ ಮೇಲೆ ಅಡ್ಡ ಬಿದ್ದಳು. ವೈನಿ "ಅಯ್ಯ, ಮೊಣಕೈ!" ಎಂದು ಕೂಗಿದರು. ಮನೆಗೆ ಹೊರಟ ಜನ ನಿಂತರು. ಯಾರೋ ಕೊಳವೆ ಬಡಿದು "ಇಯಾ!" ಎಂದು ಶುರು ಮಾಡಿದರು, ಕಾರಿಡಾರೆಲ್ಲ ಸೇರಿಕೊಂಡಿತು.

"ಎಲ್ಲಾರೂ ಇಲ್ಲೆ ನೋಡ್ರಿ," ಎಂದಳು ಅನಘಾ ನೆಲದಿಂದಲೇ.

ಅಣ್ಣ ಬೂಟಿನಿಂದ ಕಣ್ಣು ಮೇಲೆತ್ತಿದ. ಬು ಸ್ರಿ ಶೇಂಗಾ ಎಸೆದರು. ಅನಘಾ ಮಲಗಿದಲ್ಲೇ ಮೈ ತಿರುವಿ ಹೊಡೆದಳು. ಅದು ನೇರ ಹೋಗಿ ಅಣ್ಣನ ಕನ್ನಡಕಕ್ಕೆ ಟಕ್ಕನೆ ಬಡಿಯಿತು. ಕಾರಿಡಾರು ಗರ್ಜಿಸಿತು, ನಾನೂ ಗಂಟಲು ಹರಿಯುವಂತೆ ಕೂಗಿದೆ. ಶೇಂಗಾ ಬು ಸ್ರಿಯ ಕೈ ಬಿಟ್ಟ ಗಳಿಗೆಯಿಂದ ನೆಲಕ್ಕೆ ಬೀಳುವ ತನಕ ನಾನು ರೆಪ್ಪೆ ಮಿಟುಕಿಸಲಿಲ್ಲ.